ಗಂಗಾಬಾಯಿ ಎರೆದ ಕುಂಬಳಕಾಯಿ

ಅಫಜಲಪುರದಲ್ಲಿ ನೆಟ್ಟಗಿನ ಮೂಗೊಂದು ನಿಮ್ಮ ಕಣ್ಣಿಗೆ ಬಿದ್ದರೆ ಅದು ನಮ್ಮಕ್ಕ ಗಂಗಾಬಾಯಿಯ ಕೈಗೆಲಸ ಎಂದು ತಿಳಿದುಕೊಳ್ಳಿ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಕೊನೆಗೆ ಎರಡು ಬೆರಳಲ್ಲಿ ಮೂಗು ಹಿಡಿದು ಮೆಲ್ಲಗೆ ಎಳೆದು ಬಿಟ್ಟಳೆಂದರೆ ಆಯಿತು. ಕಡಲೆಕಾಳಿನಷ್ಟಿದ್ದ ಮೂಗು ಮದುವೆ ವಯಸ್ಸಿಗೆ ಸಂಪಿಗೆ ಮೊಗ್ಗಾಗಿರುತ್ತಿತ್ತು. ಔಷಧಿ ಅಂಗಡಿಯ ರೆಹಾನನ ಮೂಗು, ಬಸ್ ಸ್ಟ್ಯಾಂಡಿನ ಕಂಟ್ರೋಲರನ ಮೂಗು, ಓಣಿಯ ಅಷ್ಟೂ ಮದುಮಕ್ಕಳ ಮೂಗು ಅಕ್ಕನವೇ. ಆಕೆ ಚುನಾವಣೆಗೆ ನಿಂತಿದ್ದರೆ ಬರೀ ಮೂಗುಗಳ ಮತದಿಂದಲೇ ಗೆದ್ದುಬಿಡುತ್ತಿದ್ದಳು. ನನ್ನ ಮೂಗೊಂದೇ ಚಪ್ಪಟೆ. ನಾನು ಹುಟ್ಟಿದಾಗ ಅಕ್ಕ ಇನ್ನೂ ಪರಕಾರ ಉಡುವ ಹುಡುಗಿ, ಕೈ ಕುದುರಿರಲಿಲ್ಲ.

ನಾನು ನಾಗಣ್ಣ, ಆಳಂದದವನು. ಅಕ್ಕನ ಮನೆಗೆ ಒಂದು ದಿನ ಊಟಕ್ಕೆಂದು ಬಂದೆ. ಬಹಳ ವರ್ಷಗಳಾದವು, ಊಟ ಇನ್ನೂ ಮುಗಿದಿಲ್ಲ. ಮನೆಯ ಯಜಮಾನರು ಭಾವ ದೌಲತರಾಯರು. ಬೀಜದ ಅಂಗಡಿ, ತೊಗರಿ ಹೊಲ, ಒಂದಿಷ್ಟು ಕಬ್ಬು ಉಂಟು. ಮಾತೊಂದೇ ಇಲ್ಲ. ಒಂದು ಮಾತಾಡಿದರೆ ಒಂದು ಚೀಲ ತೊಗರಿ ಕಳೆದುಕೊಂಡವರ ಹಾಗೆ ಮುಖ ಮಾಡುತ್ತಾರೆ. ಮಗ ಸುನೀಲಕುಮಾರನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಕಬ್ಬಿಣದ ನಡುವೆ ಇದ್ದೂ ಬೆಣ್ಣೆಯಂಥವನು. ತಾಯಿ ಸೀನಿದರೆ ಇವನ ಕಣ್ಣಲ್ಲಿ ನೀರು. ಸೊಸೆ ಭಾಗ್ಯಜ್ಯೋತಿ ಜೇವರ್ಗಿಯವಳು, ಹೆರಿಗೆಗೆ ಹೋಗುವ ತನಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಆಕೆ ಹುಬ್ಬು ಏರಿಸಿದರೆ ನಮ್ಮ ಮನೆಯ ಗೋಡೆ ಗಡಿಯಾರ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ.

ಸೊಸೆ ತವರಿಗೆ ಹೋದ ಮೇಲೆ ಅಕ್ಕನ ಕೈ ತುರಿಸತೊಡಗಿತು. ಪಕ್ಕದ ಮನೆಯ ಸುಭದ್ರಾಬಾಯಿಯ ಮೊಮ್ಮಗನಿಗೆ ಎರೆಯಲು ಹೋದಳು. ತುಂಬಿದ ಹಂಡೆಯನ್ನು ಒಬ್ಬಳೇ ಎತ್ತಿದಳು. ಸೊಂಟ ಹಿಡಿದುಕೊಂಡಿತು. ಆಕೆ ಕೂಗಿದ ಕೂಗಿಗೆ ಅತ್ತ ಚೌಡಾಪುರದಲ್ಲಿ ಬಸ್ ಹತ್ತುವವರು ಇಳಿದು ನಿಂತರು. ಸೊಲ್ಲಾಪುರದ ಎಲುಬಿನ ಡಾಕ್ಟರು ನೋವಿನ ಗುಳಿಗೆ ಬರೆದುಕೊಟ್ಟರು. ಸ್ವಲ್ಪ ದಿನ ಅಷ್ಟೇ, ಮುಗಿದ ಮೇಲೆ ಬಂದು ತೋರಿಸಿ, ಅಂದರು.

ಮರುದಿನ ಮುಂಜಾನೆ ಅಕ್ಕ ಹೊಸ ಮದುಮಗಳ ಹಾಗೆ ಎದ್ದು ಬಂದಳು.

"ನಾಗಣ್ಣಾ, ನನ್ನ ಮದಿವಿ ಆದಾಗಿಂದ ಇಂಥಾ ನಿದ್ದಿ ಬಂದಿಲ್ಲ ನೋಡೋ. ತಾಯಿ ಹೊಟ್ಟ್ಯಾಗ ಮಕ್ಕೊಂಡಂಗ ಆತು."

"ನಡ ಹ್ಯಾಂಗದ ಅಕ್ಕಾ?"

"ನಡ ಯಾರಿಗೆ ಬೇಕಾಗ್ಯಾದ? ನಿದ್ದಿ ಮಾತಾಡು."

ಗುಳಿಗೆ ಮುಗಿದವು. ಸೊಲ್ಲಾಪುರಕ್ಕೆ ಮತ್ತೆ ಯಾರು ಹೋಗುತ್ತಾರೆ? ಅಕ್ಕ ಹಳೆ ಚೀಟಿ ಹಿಡಿದು ರೆಹಾನನ ಅಂಗಡಿಗೆ ಹೋದಳು. ಜೊತೆಗೆ ನಾನೂ ಇದ್ದೆ.

"ಕಾಕು, ಈ ಗುಳಿಗಿ ಹೊಸಾ ಚೀಟಿ ಇಲ್ಲದ ಕೊಡೋ ಹಂಗಿಲ್ರಿ," ಎಂದ ರೆಹಾನ.

"ಲೇ ರೆಹಾನ್ಯಾ, ಇಲ್ಲಿ ನೋಡು. ನೀ ಹುಟ್ಟಿದಾಗ ನಿನ್ನ ಮೂಗು ಹ್ಯಾಂಗಿತ್ತು ಗೊತ್ತದ ಏನು? ಕರಿದ ಭಜಿ ಇಟ್ಟಂಗಿತ್ತು. ನಿಮ್ಮವ್ವ ಅಳಾಕತ್ತಿದ್ಲು. ನಾ ಎರೆದು ಎರೆದು ಕೈ ಸವಿಸ್ಕೊಂಡೇನಿ. ಅದೇ ಮೂಗು ತೋರಿಸಿ ಚಲೋ ಹೆಣ್ತಿ ತಂದಿ. ಈಗ ನನಗೇ ಚೀಟಿ ಕೇಳ್ತಿ?"

ರೆಹಾನ ಒಂದು ಕೈಯಲ್ಲಿ ಮೂಗು ಮುಟ್ಟಿ ನೋಡಿಕೊಂಡ. ಇನ್ನೊಂದು ಕೈಯಲ್ಲಿ ಗುಳಿಗೆ ಕೊಟ್ಟ. ಆ ಮೂಗು ಹೊತ್ತವನು ಮತ್ತೇನು ಮಾಡಿಯಾನು?

ಒಂದು ಗುಳಿಗೆಗೆ ಬರುತ್ತಿದ್ದ ನಿದ್ದೆ ಬರಬರುತ್ತ ಎರಡು ಕೇಳಿತು. ಎರಡು ಕೊಟ್ಟರೆ ಮುನಿಸಿಕೊಂಡು ದೂರ ಕೂತಿತು. ಕೊನೆಗೆ ನಿದ್ದೆ ಎನ್ನುವುದು ಹಗಲಿಗೆ ವರ್ಗವಾಗಿ ಬಂತು. ಜೋಳದ ರೊಟ್ಟಿ ಬಡಿಯುತ್ತ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಮೊದಲೆಲ್ಲ ಆಕೆಯ ರೊಟ್ಟಿ ಎಷ್ಟು ತೆಳ್ಳಗೆಂದರೆ ಅದರೊಳಗಿಂದ ಭೀಮಾ ನದಿಯ ಆಚೆಯ ದಂಡೆ ಕಾಣುತ್ತಿತ್ತು. ಈಗ ತಿನ್ನಲು ಸುತ್ತಿಗೆ ಬೇಕಾಯಿತು.

"ರೊಟ್ಟಿ ಕರ್ರಗಾಗ್ಯಾವಲ್ಲ," ಎಂದು ಭಾವ ಒಂದು ಚೀಲ ತೊಗರಿ ಕಳೆದುಕೊಂಡರು.

"ಬೆಳ್ಳಗಿದ್ದಾಗ ನೀವೇನು ಹೊಗಳಿದ್ರಿ? ಉಣ್ರಿ ಸುಮ್ಮ."

ಇನ್ನು ರಾತ್ರಿಯ ಕಾರಭಾರ ನಮಗೆ ಬೆಳಿಗ್ಗೆ ಎದ್ದಾಗ ತಿಳಿಯುತ್ತಿತ್ತು. ಒಂದು ದಿನ ಮನೆಯ ಪಾತ್ರೆಗಳೆಲ್ಲ ಹುಣಸೆಹಣ್ಣು ಹಾಕಿ ಬೆಳಗಿಸಿಕೊಂಡು ಅಂಗಳದಲ್ಲಿ ಕೂತಿರುತ್ತಿದ್ದವು. ಇನ್ನೊಂದು ದಿನ ಹಸನು ಮಾಡಿಟ್ಟ ಬೇಳೆ ಮತ್ತೆ ಹಸನಾಗಿರುತ್ತಿತ್ತು. "ನಿದ್ದಿ ಬರ್ಲಿಲ್ಲ, ಸುಮ್ಮ ಕುಂದ್ರೋದು ಬ್ಯಾಡಂತ," ಎನ್ನುತ್ತಿದ್ದಳು. ಒಮ್ಮೆ ಡಬ್ಬಿಗಳನ್ನೆಲ್ಲ ಹೊಸದಾಗಿ ಜೋಡಿಸಿದಳು. ಆ ಮುಂಜಾನೆ ನಾವು ಕುಡಿದ ಉಪ್ಪಿನ ಚಹಾದ ರುಚಿ ಇನ್ನೂ ನನ್ನ ನಾಲಿಗೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದೆ. ಭಾವ ಮಾತ್ರ ಏನೂ ಅನ್ನದೆ ಅದನ್ನೇ ಕುಡಿದು, ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಅಂಗಡಿಗೆ ಹೋದರು. ಅಲ್ಲಿ ಬೀಜದ ಚೀಲಕ್ಕೆ ಒರಗಿ ಮಧ್ಯಾಹ್ನವೆಲ್ಲ ನಿದ್ದೆ. "ದೌಲತರಾಯರ ಅಂಗಡ್ಯಾಗ ಬೀಜ ಮೊಳಕಿ ಒಡದು ಬಳ್ಳಿ ಹಬ್ಬಿದ್ರೂ ಅವರಿಗೆ ಎಚ್ಚರಾಗಂಗಿಲ್ಲ," ಎಂದು ಊರೆಲ್ಲ ಆಡಿಕೊಂಡಿತು. ನಾನು ಎಲ್ಲರಿಗಿಂತ ಜೋರಾಗಿ ಆಡಿಕೊಂಡೆ.

ಇಷ್ಟರಲ್ಲಿ ಜೇವರ್ಗಿಯಲ್ಲಿ ಹೆಣ್ಣು ಹುಟ್ಟಿತು. ಅಮೃತ ಎಂದು ಹೆಸರಿಟ್ಟರು. ತೊಟ್ಟಿಲ ಶಾಸ್ತ್ರಕ್ಕೆ ಹೋದ ಅಕ್ಕ ಕೂಸಿನ ಮುಖ ನೋಡಿದವಳೇ ನನ್ನ ಕಡೆ ತಿರುಗಿದಳು. ಕೂಸಿಗೆ ನನ್ನ ಮೂಗು ಬಂದಿತ್ತು. ರೊಟ್ಟಿ ಹಿಟ್ಟಿನ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ.

ಅಂದಿನಿಂದ ದಿನಕ್ಕೆ ನೂರು ಫೋನು. "ಜಲ್ದಿ ಕರ್ಕೊಂಡು ಬಾರ ಭಾಗ್ಯಾ. ಹಲ್ಲು ಮೂಡೋದ್ರೊಳಗ ಮೂಗು ತಿದ್ದಬೇಕು. ಹಲ್ಲು ಬಂತಂದ್ರ ಮೂಗು ಗಟ್ಟಿ ಆತು, ಆಮ್ಯಾಲ ಕಮ್ಮಾರನೂ ಏನೂ ಮಾಡಂಗಿಲ್ಲ." ಈ ಹಲ್ಲು ಮೂಗಿನ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಅಕ್ಕನ ಸ್ವಂತದ್ದು. ಆದರೂ ಆಕೆಯ ಫೋನಿನ ಕಾಟಕ್ಕೆ ಜೇವರ್ಗಿಯ ಬೀಗರು ಮೂರನೇ ತಿಂಗಳಿಗೇ ಮಗಳನ್ನು ಕಳಿಸಿಕೊಟ್ಟರು.

ಬಂದ ಮರುದಿನವೇ ಎರೆಯುವ ಸಡಗರ. ಅಕ್ಕ ಬಚ್ಚಲು ತೊಳೆದು, ಎಣ್ಣೆ ಬೆಚ್ಚಗೆ ಮಾಡಿ, ಸೀರೆ ಮೊಳಕಾಲ ಮೇಲೆ ಕಟ್ಟಿ, ಕಾಲು ಚಾಚಿ ಕೂತಳು. ಸೊಸೆ ಕೂಸನ್ನು ಕಾಲ ಮೇಲೆ ಇಟ್ಟಳು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಎಣ್ಣೆ ಆಯಿತು. ಅಕ್ಕ ತಂಬಿಗೆ ತುಂಬ ನೀರು ಎತ್ತಿದಳು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಗದ್ದ ಎದೆಗೆ ತಾಗಿತು. ಒಂದು ಗೊರಕೆ ಬಂತು. ಕೂಸು ಕಾಲ ಮೇಲಿಂದ ಸಾಬೂನಿನ ಹಾಗೆ ಜಾರುತ್ತಿತ್ತು.

ಭಾಗ್ಯಜ್ಯೋತಿ ಹೇಗೆ ನೆಗೆದಳೋ ನಾನು ನೋಡಲಿಲ್ಲ, ಕಣ್ಣಿಗೆ ಕಾಣುವ ವೇಗವಲ್ಲ ಅದು. ಕೂಸು ಆಕೆಯ ಕೈಯಲ್ಲಿತ್ತು. ತಂಬಿಗೆ ಆಮೇಲೆ ಬಿತ್ತು. ಬಿದ್ದ ಸದ್ದಿಗೆ ಅಕ್ಕ ಎಚ್ಚರಾದಳು.

"ಕೂಸೆಲ್ಲಿ?"

"ನನ್ನ ಕೈಯಾಗ ಅದರಿ ಅತ್ತಿ. ನಿಮ್ಮ ಕಾಲ ಮ್ಯಾಲ ಇದ್ದಿದ್ರ ಬಚ್ಚಲ ಮೋರ್‍ಯಾಗ ಇರ್ತಿತ್ತು."

"ಒಂದ್ ಜರಾ ಕಣ್ಣು ಮುಚ್ಚೇನಿ ಏನೋ. ನಾ ಎಷ್ಟು ಕೂಸು ಎರೆದೇನಿ ಗೊತ್ತದ ಏನು?"

"ಎಷ್ಟರೆ ಎರೆದಿರ್ರಿ. ನನಗಿರೋದು ಒಂದೇ. ಆ ಗುಳಿಗಿ ಬಿಡೋ ತನಾ ನನ್ನ ಕೂಸು ನಿಮ್ಮ ಕಾಲ ಮ್ಯಾಲ ಬರಂಗಿಲ್ಲ."

"ಮತ್ತ ಮೂಗು?"

"ಮೂಗು ಇರಲಿ ಇದ್ದಂಗ. ಕೂಸು ಇದ್ರ ಸಾಕು."

ಅಕ್ಕ ಮಗನ ಮುಖ ನೋಡಿದಳು. ಸುನೀಲ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದ. ಗಂಡನ ಮುಖ ನೋಡಿದಳು. ಭಾವ ಬಗ್ಗಿ ತಂಬಿಗೆ ಎತ್ತಿಟ್ಟರು, ಅಷ್ಟೇ. ಆ ಮಧ್ಯಾಹ್ನ ಅಕ್ಕ ಊಟ ಮಾಡಲಿಲ್ಲ. ಆಕೆ ಉಣ್ಣದೆ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಪುಂಡಿಪಲ್ಯ ಹಾಳಾಗಬಾರದೆಂದು ಆಕೆಯ ಪಾಲನ್ನೂ ನಾನೇ ನುಂಗಬೇಕಾಯಿತು.

ಅಮಾವಾಸ್ಯೆಗೆ ಘತ್ತರಗಿಗೆ ಹೊರಟೆವು. ಭಾಗ್ಯವಂತಿ ದೇವಿಯ ದರ್ಶನ ಮಾಡಿ, ಅಕ್ಕ ಹೊಳೆಗೆ ಇಳಿದು, ಸೆರಗಿನ ಗಂಟು ಬಿಚ್ಚಿ, ಇದ್ದಬದ್ದ ಗುಳಿಗೆಯನ್ನೆಲ್ಲ ಭೀಮೆಗೆ ಅರ್ಪಿಸಿದಳು. ಆ ದಿನ ಘತ್ತರಗಿಯಿಂದ ಸೊನ್ನದ ತನಕ ಮೀನುಗಳೆಲ್ಲ ಮಗ್ಗುಲಾಗಿ ತೇಲುತ್ತ ಗೊರಕೆ ಹೊಡೆದವು. ನೋಡಿದವರು ನನಗೆ ಹೇಳಿದ್ದಾರೆ.

"ಮುಗೀತು. ಇನ್ನ ಮುಟ್ಟಂಗಿಲ್ಲ," ಎಂದಳು ಅಕ್ಕ.

ಮರುದಿನದಿಂದ ಮನೆಯಲ್ಲಿ ಯುದ್ಧ. ಆಕೆಗೆ ಆಕಳಿಕೆ ಮೇಲೆ ಆಕಳಿಕೆ. ಬಾಯಿ ಎಷ್ಟು ದೊಡ್ಡದಾಗಿ ತೆರೆಯುತ್ತಿತ್ತೆಂದರೆ ಅಂಗಳದ ಗುಬ್ಬಿಗಳು ದಾರಿ ತಪ್ಪಿ ಒಳಗೆ ಹೋಗುವಂತಿತ್ತು. ಮೂಗು ಸೋರಿತು, ಕಣ್ಣು ಸೋರಿತು, ಹೊಟ್ಟೆ ಕೆಟ್ಟಿತು. ಮೈಮೇಲೆ ಮುಳ್ಳು ಎದ್ದವು. ಕಾಲು ಒಂದು ಕಡೆ ನಿಲ್ಲಲೊಲ್ಲವು. ನಿದ್ದೆಯಂತೂ ಊರು ಬಿಟ್ಟೇ ಹೋಯಿತು.

"ಯವ್ವಾ, ಜರಾ ಮಕ್ಕೊ," ಎನ್ನುತ್ತಿದ್ದ ಸುನೀಲ.

"ಮಕ್ಕೊಳ್ಳಾಕ ನಾ ಒಲ್ಲೆ ಅಂದೇನೇನು? ನಿದ್ದಿ ನಿನ್ನ ಅಂಗಡ್ಯಾಗ ಸಿಗ್ತಿದ್ರ ತಂದು ಕೊಡು. ಇಲ್ಲಾಂದ್ರ ಬಾಯಿ ಮುಚ್ಚು."

"ಅಕ್ಕಾ, ಒಂದ್ ಕಪ್ ಚಹಾ..." ಎಂದೆ ನಾನು.

"ನಿನ್ನ ಮೂಗು ನೋಡಿದ್ರೇ ನನ್ನ ನಡ ನೋಯ್ತದ. ಏಳು ಮುಂದಿಂದ."

ಆಕೆ ದೇವರ ಮುಂದೆ ಆಡಿದ ಮಾತು ಮುರಿಯಲಿಲ್ಲ. ಆದರೆ ಮೈ ಮುರಿದುಬಿತ್ತು. ಕಡೆಗೆ ಭಾವ ಯಾರನ್ನೂ ಕೇಳದೆ ಓಣಿಯ ಪೀರಸಾಬನ ಬಾಡಿಗೆ ಕಾರು ತರಿಸಿದರು. "ಹತ್ತು," ಎಂದರು. ಕಲಬುರಗಿಗೆ ಹೋದೆವು.

ದಪ್ಪ ಕನ್ನಡಕದ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಹೇಳಿದರು: "ಅವ್ವಾರ, ಇದು ಅಪೀಮಿನ ಬಳಗದ ಗುಳಿಗಿ."

"ಅಪೀಮು? ನಮ್ಮ ಮನಿತನದಾಗ ಒಂದು ಬೀಡಿ ಸೇದಿದವ್ರಿಲ್ಲ." ಭಾವ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

"ನಿಮ್ಮ ತಪ್ಪಲ್ರಿ. ನೋವು ಅಂತ ತಗೊಂಡ್ರಿ, ನಿದ್ದಿ ಬಂದಂಗ ಅನಸ್ತು. ಅದು ಪೂರಾ ನಿದ್ದಿ ಅಲ್ಲ, ಮಂಪರ. ಮಂಪರದಾಗ ಮೈ ದಣಿವು ಆರಂಗಿಲ್ಲ. ದಣಿದ ಮೈಗೆ ಮರುದಿನ ನೋವು ಹೆಚ್ಚು. ನೋವು ಹೆಚ್ಚಾತು ಅಂತ ಮತ್ತೊಂದು ಗುಳಿಗಿ. ಗಾಣದ ಎತ್ತು ಸುತ್ತಿದಂಗ. ಮತ್ತ ಹಿಂಗ ಒಮ್ಮೆಲೆ ಬಿಡಬಾರದಿತ್ತು. ಸ್ವಲ್ಪ ಸ್ವಲ್ಪ ಇಳಿಸ್ಕೋತ ಬರೋಣ. ಗೊರಕಿ ಹೊಡಿತೀರೇನು? ನಿದ್ದ್ಯಾಗ ಉಸಿರು ನಿಂತಂಗ ಆಗ್ತದೇನು?"

"ಗೊರಕಿ? ನಾನಾ?" ಎಂದಳು ಅಕ್ಕ.

ಭಾವ ಬಾಯಿ ತೆರೆದರು. ಅಕ್ಕ ಒಂದು ನೋಟ ಬಿಟ್ಟಳು. ಭಾವ ಬಾಯಿ ಮುಚ್ಚಿದರು.

ಡಾಕ್ಟರಮ್ಮನ ಕಟ್ಟಳೆ ಬಂತು. ಗುಳಿಗೆ ಮನೆಯ ಒಬ್ಬರ ಕೈಯಲ್ಲೇ ಇರಬೇಕು, ಹೇಳಿದಷ್ಟೇ ಕೊಡಬೇಕು, ಒಂದು ಚೂರೂ ಹೆಚ್ಚು ಕೂಡದು. ಹಗಲು ಮಲಗಬಾರದು. ಮಧ್ಯಾಹ್ನದ ಮೇಲೆ ಚಹಾ ಇಲ್ಲ. ದಿನಾ ನಡೆಯಬೇಕು. ಕಪಾಟಿನ ಕೀಲಿಕೈ ಭಾಗ್ಯಜ್ಯೋತಿಯ ಸೊಂಟಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ದಾಟಿದ ಮೊದಲ ಕೀಲಿಕೈ ಅದು. ಅಕ್ಕ ಅದರ ಸದ್ದು ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

ಆಕೆಯನ್ನು ಹಗಲು ಎಚ್ಚರವಿಡುವ ಕೆಲಸ ಹಂಚಿಕೊಂಡೆವು. ಮುಂಜಾನೆ ನಾನು ನಡೆಸಿಕೊಂಡು ಹೋಗುತ್ತಿದ್ದೆ. ಹೊಲದ ತನಕ ಅಂದದ್ದು, ನಾನು ಹುರುಪಿನಲ್ಲಿ ಮಹಾರಾಷ್ಟ್ರದ ಗಡಿ ಮುಟ್ಟಿಸಿ ತರುತ್ತಿದ್ದೆ. ಊಟದ ನಂತರ ಕಣ್ಣು ಎಳೆಯುವ ಹೊತ್ತಿಗೆ ಸುಭದ್ರಾಬಾಯಿ ಬಂದು ಹಳೆಯ ಜಗಳ ತೆಗೆಯಬೇಕೆಂದು ಭಾಗ್ಯಜ್ಯೋತಿ ಗೊತ್ತುಮಾಡಿದಳು.

"ಗಂಗಾಬಾಯಿ, ನಿಮ್ಮ ಮನಿ ಮದಿವ್ಯಾಗ ಒಯ್ದ ನಮ್ಮ ಹಿಟ್ಟು ನಾದೋ ಪರಾತ ಇನ್ನಾ ಬಂದಿಲ್ಲಬೇ," ಎಂದು ಆಕೆ ಹೊಸಲಲ್ಲೇ ಶುರುಮಾಡುತ್ತಿದ್ದಳು.

"ಯಾವ ಪರಾತ? ತೂತು ಬಿದ್ದದ್ದಾ? ನಿಮ್ಮ ಮನ್ಯಾಗ ತೂತಿಲ್ಲದ ಪರಾತ ಇತ್ತೇನು?"

ಅಕ್ಕನ ಕಣ್ಣು ಹಣತೆಯ ಹಾಗೆ ಹತ್ತಿಕೊಳ್ಳುತ್ತಿದ್ದವು. ಸಂಜೆಯ ತನಕ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಇಂಥ ಔಷಧಿ ಯಾವ ಅಂಗಡಿಯಲ್ಲಿದೆ, ಹೇಳಿ.

ವಾರಗಳು ಹೋದವು. ಲೆಕ್ಕದಲ್ಲಿ ಗುಳಿಗೆ ಇಳಿಯುತ್ತ ಬಂತು. ಅಕ್ಕ ಮಾತ್ರ ಅನುಮಾನ ಬರುವಷ್ಟು ಗೆಲುವಾಗಿದ್ದಳು. ನಾನಂತೂ ಇದೆಲ್ಲ ನನ್ನ ನಡಿಗೆಯ ಪ್ರತಾಪ ಎಂದು ಊರಲ್ಲಿ ಹೇಳಿಕೊಂಡು ತಿರುಗಿದೆ. ಆದರೆ ಒಂದು ದಿನ ಹುಣಸೆ ಗಿಡದ ಕೆಳಗೆ ನಿಂತವಳು ನಿಂತಲ್ಲೇ ಮಂಪರಿಗೆ ಜಾರಿದಳು. ಮರುದಿನ ಸುಭದ್ರಾಬಾಯಿಯ ಪರಾತದ ನಟ್ಟನಡುವೆ ತೂಕಡಿಸಿದಳು. ಜಗಳದ ನಡುವೆ ನಮ್ಮಕ್ಕ ತೂಕಡಿಸುವುದೆಂದರೆ ಸೂರ್ಯ ನಡುದಾರಿಯಲ್ಲಿ ಇಳಿದು ಚಹಾಕ್ಕೆ ಹೋದ ಹಾಗೆ. ಭಾಗ್ಯಜ್ಯೋತಿಯ ಹುಬ್ಬು ಏರಿತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. ರೆಹಾನ ಬಂದು ಬಾಗಿಲಲ್ಲಿ ನಿಂತ.

"ಬಾ ರೆಹಾನ, ಊಟಕ್ಕ ಕುಂದ್ರು," ಎಂದಳು ಅಕ್ಕ.

"ಊಟ ಬ್ಯಾಡ್ರಿ ಕಾಕು. ಒಂದು ಮಾತು ಕೇಳಿ ಹೋಗ್ತೇನಿ. ನಿಮ್ಮ ಮನ್ಯಾಗ ಎಲ್ಲಾರಿಗೂ ನಡ ಹಿಡದದ ಏನ್ರಿ?"

ನಾನು ರೊಟ್ಟಿ ಮುರಿಯುವುದರಲ್ಲಿ ತಲ್ಲೀನನಾದೆ.

"ಸುನೀಲಣ್ಣ ಬಂದು ನನಗ ನಡ ನೋವು, ಆ ಗುಳಿಗಿ ಕೊಡು ಅಂದ. ನಾಗಣ್ಣ ಮಾಮಾ ಬಂದು ನನಗೂ ನಡ ಅಂದ್ರು. ನಾ ಕೊಟ್ಟೆ, ತಪ್ಪು ನಂದೂ ಅದ. ನಿನ್ನೆ ಭಾಗ್ಯಾ ವೈನಿಯವರೂ ಮತ್ತ ಬಂದು ಒಯ್ದಾಗ ನನಗ ಅನುಮಾನ ಬಂತು. ಇನ್ನ ಮ್ಯಾಲ ಡಾಕ್ಟರ ಚೀಟಿ ಇಲ್ಲದ ಒಂದೂ ಕೊಡಂಗಿಲ್ರಿ ಕಾಕು. ಬೇಕಾದ್ರ ಮೂಗು ವಾಪಸ್ ತಗೋರಿ."

ಭಾಗ್ಯಜ್ಯೋತಿ ಗಂಡನ ಕಡೆ ತಿರುಗಿದಳು. "ನೀವು ಕೊಡಾಕತ್ತಿದ್ರೇನು?"

"ಅರ್ಧಾ ಅಷ್ಟೇ. ಯವ್ವ ಅತ್ತಳು. ಯಾರಿಗೂ ಹೇಳಬ್ಯಾಡ, ನೀ ಒಬ್ಬನೇ ನನ್ನ ಮಗ ಅಂದ್ಲು. ಮತ್ತ ನೀ?"

"ನಾನೂ ಅರ್ಧಾನೇ." ಗಣಿತದ ಟೀಚರ ಮುಖ ಮೊದಲ ಸಲ ಕೆಂಪಾಗಿದ್ದು ನೋಡಿದೆ. "ನನ್ನ ಕೈ ಹಿಡಕೊಂಡು, ನೀ ಹೊಟ್ಟ್ಯಾಗ ಹುಟ್ಟದ ಮಗಳು ಅಂದ್ರು. ಕಪಾಟಿನ್ಯಾಗಿನ ಲೆಕ್ಕ ತಪ್ಪಬಾರದಂತ ಹೊರಗಿಂದ ತಂದೆ."

"ಮಾಮಾ, ನೀ?" ಎಂದ ಸುನೀಲ.

"ಅಣ್ಣತಮ್ಮಂದಿರು ಅಂತ ಆಕಿಗೆ ಇರೋನು ನಾ ಒಬ್ಬನೇ," ಎಂದೆ. "ಅದೂ ಅರ್ಧಾ. ಸಣ್ಣ ಅರ್ಧಾ."

ನಾವು ಮೂವರೂ ಒಬ್ಬರಿಗೊಬ್ಬರು ತಿಳಿಯದೆ, ತಾವೊಬ್ಬರೇ ಕರುಣಾಳು ಎಂದುಕೊಂಡು, ಅಕ್ಕನಿಗೆ ಅರ್ಧರ್ಧ ಗುಳಿಗೆ ನೈವೇದ್ಯ ಮಾಡುತ್ತಿದ್ದೆವು. ಡಾಕ್ಟರಮ್ಮ ಇಳಿಸಿದ್ದಕ್ಕಿಂತ ನಾವು ಏರಿಸಿದ್ದೇ ಹೆಚ್ಚಾಗಿತ್ತು.

ಎಲ್ಲರ ಕಣ್ಣು ಭಾವನ ಮೇಲೆ ಹೋದವು.

"ಅವರನ್ನ ಕೇಳಬ್ಯಾಡ್ರಿ," ಎಂದಳು ಅಕ್ಕ, ಕೋಪದಲ್ಲೇ. "ಕೈಕಾಲು ಹಿಡದು ಬೇಡಿಕೊಂಡೆ. ಅರ್ಧ ಹೋಗ್ಲಿ, ಪುಡಿ ಸೈತ ಕೊಡ್ಲಿಲ್ಲ. ಕಲ್ಲು."

ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು.

"ನಿನ್ನ ಗೊರಕಿ ನಿಲ್ತದ ಗಂಗಾ," ಎಂದರು. "ಗುಳಿಗಿ ತಗೊಂಡಾಗಿಂದ. ಜೋರು ನಡದಿರ್ತದ, ಒಮ್ಮೆಲೆ ನಿಲ್ತದ. ಉಸಿರೂ ನಿಲ್ತದ. ನಾ ಎದ್ದು ಕುಂದರ್ತೇನಿ. ಬರ್ತದ, ಬರ್ತದ ಅಂತ ಕಾಯ್ತೇನಿ. ಬರಲಿಲ್ಲಂದ್ರ ಕಾಲಿನ ಹೆಬ್ಬೆಟ್ಟಿಲೆ ಒತ್ತತೇನಿ. ಆಮ್ಯಾಲ ಬರ್ತದ. ನೀ ಒದ್ದಿ ಅಂತ ಬೈತಿ. ಬೈದ್ರ ನನಗ ಧೈರ್ಯ, ಉಸಿರಾಡಾಕತ್ತ್ಯಾಳಂತ."

"ದಿನಾಲೂ?" ಎಂದ ಸುನೀಲ.

"ಮತ್ತೇನು. ಕೂಸು ಜೇವರ್ಗ್ಯಾಗ ಹುಟ್ಟೋಕಿಂತ ಮೊದಲಿಂದ. ನಿಮ್ಮವ್ವ ಕಣ್ಣು ಮುಚ್ಚಿದ ರಾತ್ರಿಯೆಲ್ಲಾ ಕಾಯ್ತೇನಿ, ಮಧ್ಯಾಹ್ನ ಅಂಗಡ್ಯಾಗ ಮಕ್ಕೋತೇನಿ. ನಾ ಹ್ಯಾಂಗ ಕೊಡ್ಲಿ ಅರ್ಧಾ?"

ಅವರ ಆಯುಷ್ಯದಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ತೊಗರಿಯ ಇಡೀ ಗೋದಾಮೇ ಖಾಲಿಯಾಗಿರಬೇಕು. ನಾನು ಅಂಗಡಿಯ ನಿದ್ದೆಯ ಬಗ್ಗೆ ಊರಲ್ಲಿ ಕಟ್ಟಿದ ಜೋಕುಗಳು ಒಂದೊಂದೇ ನೆನಪಾಗಿ, ಬದನೆಕಾಯಿ ಗಂಟಲಲ್ಲಿ ನಿಂತಿತು. ನೀರು ಕುಡಿದು ಇಳಿಸಿದೆ, ಬಿಡಲಿಲ್ಲ.

"ಡಾಕ್ಟರಮ್ಮ ಕೇಳಿದಾಗ ಯಾಕ ಹೇಳ್ಲಿಲ್ರಿ ಮಾವ?" ಎಂದಳು ಭಾಗ್ಯಜ್ಯೋತಿ.

"ನಿಮ್ಮತ್ತಿ ನೋಡಿದ್ಲಲ್ಲವ್ವ."

ಅಕ್ಕ ತಟ್ಟೆ ಸರಿಸಿ, ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದು ನೆಲದ ಮೇಲೆ ಬೋರಲು ಹಾಕಿದಳು. ಅಡಿಕೆ, ಲವಂಗ, ಸುಣ್ಣದ ಡಬ್ಬಿ, ಅವುಗಳ ನಡುವೆ ಚೂರುಚೂರು ಬಿಳಿ ಗುಳಿಗೆ. ಅವನ್ನು ಒಂದೊಂದೇ ಆರಿಸಿ ಸೊಸೆಯ ಕೈಗೆ ಹಾಕಿದಳು.

"ಇದು ಸುನ್ಯಾಂದು. ಇದು ನಿಂದು. ಇದು ಈ ಚಪ್ಪಟಿ ಮೂಗಿನವಂದು, ಅರ್ಧಾ ಅಂತಾನ, ಕಾಲೂ ಇಲ್ಲ ನೋಡು." ಗಂಡನ ಕಡೆ ತಿರುಗಿದಳು. "ಮತ್ತ ನೀವು. ಇಷ್ಟು ದಿನ ಸುಮ್ಮ ಒದಿಯೋದು ಬಿಟ್ಟು ಬಾಯಿ ಬಿಟ್ಟು ಹೇಳಬೇಕಿತ್ತಿಲ್ಲ? ಉಣ್ರಿ, ರೊಟ್ಟಿ ಆರಾಕತ್ತದ."

ಮತ್ತೆ ಕಲಬುರಗಿಗೆ ಹೋದೆವು. ಈ ಸಲ ಭಾವನೇ ಗೊರಕೆಯ ವರದಿ ಒಪ್ಪಿಸಿದರು, ಸದ್ದು ಸಮೇತ. ಡಾಕ್ಟರಮ್ಮ ನಮ್ಮ ಮೂವರ ಕರುಣೆಗೆ ಉಗಿದ ಉಗಿತವನ್ನು ಇಲ್ಲಿ ಬರೆಯಲಾರೆ. ಉಸಿರಿನ ತಪಾಸಣೆ ಮಾಡಿಸಿ, ಮಗ್ಗುಲಾಗಿ ಮಲಗಲು ಹೇಳಿ, ಗುಳಿಗೆ ಇಳಿಸುವ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿಕೊಟ್ಟರು. ಇನ್ನು ಮೇಲೆ ಎಲ್ಲವೂ ಊಟದ ಪಂಕ್ತಿಯಲ್ಲೇ, ಎಲ್ಲರ ಕಣ್ಣ ಮುಂದೆ. ಭಾಗ್ಯಜ್ಯೋತಿ ತೀರ್ಥ ಕೊಡುವವಳ ಹಾಗೆ ಕೊಡುತ್ತಿದ್ದಳು, ಅಕ್ಕ ಬಾಯಿ ತೆರೆದು ತೋರಿಸುತ್ತಿದ್ದಳು. ಕೆಲವು ವಾರ ಕೆಟ್ಟದಾಗಿ ಹೋದವು. ಪರಾತದ ಜಗಳ ಮೂರು ತಲೆಮಾರು ಹಿಂದಕ್ಕೆ ಹೋಯಿತು. ಅಳುತ್ತ ಬೇಡಿದಾಗ ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತೆವು. ಒಂದೊಂದು ಸಲ ಗುಳಿಗೆಯ ಗಾತ್ರ ಇಳಿದಾಗಲೂ ಆಕೆ ಕೂಸಿನ ಬಾಯಲ್ಲಿ ಬೆರಳಾಡಿಸಿ ಒಸಡು ನೋಡುತ್ತಿದ್ದಳು. ಆ ಕಡೆ ಹಲ್ಲು, ಈ ಕಡೆ ಗುಳಿಗೆ. ಯಾವುದು ಮುಂದೆ, ಯಾವುದು ಹಿಂದೆ.

ಕೊನೆಗೆ ಗುಳಿಗೆ ಪ್ರಾಣ ಬಿಟ್ಟಿತು. ನಿದ್ದೆ ಮಾತ್ರ ಒಮ್ಮೆಲೇ ಮನೆಗೆ ಬರಲಿಲ್ಲ. ಮುನಿಸಿಕೊಂಡ ಬೀಗರ ಹಾಗೆ ದಿನಕ್ಕೊಂದು ಹೆಜ್ಜೆ ಇಟ್ಟು ಬಂತು.

"ಇನ್ನ ಕೊಡು ಕೂಸಿನ್ನ," ಎಂದಳು ಅಕ್ಕ.

"ಪರೀಕ್ಷಾ ಅದರಿ ಅತ್ತಿ," ಎಂದು ಭಾಗ್ಯಜ್ಯೋತಿ ಸಂತೆಯಿಂದ ತರಿಸಿದ್ದ ಕುಂಬಳಕಾಯಿ ತಂದಿಟ್ಟಳು. ಹೆಚ್ಚು ಕಡಿಮೆ ಅಮೃತಳಷ್ಟೇ ತೂಕ. "ಒಂದು ವಾರ ಇದಕ್ಕ ಎರೀರಿ. ಜಾರಬಾರದು, ತೂಕಡಿಸಬಾರದು."

"ನನಗ ಕುಂಬಳಕಾಯಿ ಎರೆಯೋ ದಿನ ಬಂತು," ಎಂದು ಬೈದುಕೊಂಡೇ ಕಾಲು ಚಾಚಿದಳು. ಅಫಜಲಪುರಕ್ಕೆ ಅಫಜಲಪುರವೇ ನೋಡಲು ಬಂತು. ಪೀರಸಾಬ ಕಾರು ತುಂಬ ಜನ ತಂದಿಳಿಸಿದ. ಮೊದಲ ದಿನ ಬೈಗುಳದ ನಡುವೆ ಎಣ್ಣೆ ಹಚ್ಚಿದಳು. ಎರಡನೆಯ ದಿನ ತಂಬಿಗೆಯ ನೀರನ್ನು ಕೈಯಿಂದ ಮುಟ್ಟಿ, "ಬಿಸಿ ಹೆಚ್ಚಾತು," ಎಂದು ತಣ್ಣೀರು ಬೆರೆಸಿದಳು. ಆಮೇಲೆ ಆಮೇಲೆ ಕುಂಬಳಕಾಯಿಗೆ ಲೋಬಾನದ ಹೊಗೆ ಹಾಕಿ, ಕುಲಾವಿ ಕಟ್ಟಿ, ತೊಟ್ಟಿನ ಕೆಳಗೆ ಎರಡು ಬೆರಳಿಟ್ಟು ಎಳೆಯುವುದೂ ನಡೆಯಿತು. ವಾರದ ಕೊನೆಗೆ ಆ ಕುಂಬಳಕಾಯಿಗೆ ನನಗಿಂತ ಒಳ್ಳೆಯ ಮೂಗಿತ್ತು, ಸುಳ್ಳಲ್ಲ.

ಮರುದಿನ ಮುಂಜಾನೆ ಭಾಗ್ಯಜ್ಯೋತಿ ಮಾತಾಡದೆ ಅಮೃತಳನ್ನು ತಂದು ಅತ್ತೆಯ ಕಾಲ ಮೇಲೆ ಇಟ್ಟಳು. ತಾನು ಪಕ್ಕದಲ್ಲೇ ಮೊಣಕಾಲೂರಿ ಕೂತಳು, ಕೈ ಚಾಚಿಕೊಂಡೇ. ಅಕ್ಕ ಎಣ್ಣೆ ತಿಕ್ಕಿದಳು. ನೀರು ಎರೆದಳು. ಕೂಸು ಅತ್ತು, ನಕ್ಕು, ಅಜ್ಜಿಯ ಬೆರಳನ್ನು ಬಾಯಿಗೆ ಎಳೆದುಕೊಂಡಿತು. ಅಕ್ಕನ ಕೈ ಅಲ್ಲೇ ನಿಂತಿತು. ಭಾಗ್ಯಜ್ಯೋತಿ ಮುಂದಕ್ಕೆ ವಾಲಿದಳು.

"ಎಚ್ಚರಿದ್ದೇನಿಬೇ," ಎಂದಳು ಅಕ್ಕ. "ಹಲ್ಲು ಬಂದದ. ಕೆಳಗಿಂದು."

ಎರಡು ದಿನದ ಹಿಂದೆಯೇ ನಾವೆಲ್ಲ ನೋಡಿದ್ದೆವು, ಹೇಳುವ ಧೈರ್ಯವಾಗಿರಲಿಲ್ಲ. ಅಕ್ಕ ಕೂಸಿನ ಮೂಗಿನ ಮೇಲೆ ಎರಡು ಬೆರಳಿಟ್ಟು, ಎಳೆಯದೆ, ಹಾಗೇ ಒರೆಸಿ ಬಿಟ್ಟಳು.

"ಇರ್ಲಿ ಬಿಡು. ನಮ್ಮ ನಾಗಣ್ಣನ ಮೂಗೇ ಇರ್ಲಿ. ಉಸಿರಾಡಾಕ ಅಷ್ಟು ಸಾಕು."

ಆ ಕುಂಬಳಕಾಯಿ ಇವತ್ತಿಗೂ ನಮ್ಮ ಅಡುಗೆಮನೆಯ ಮಾಡದಲ್ಲಿದೆ. ನಾನು ಒಂದು ದಿನ ಪಲ್ಯ ಮಾಡೋಣ ಎಂದದ್ದಕ್ಕೆ, "ನಾ ಎರೆದ ಕೂಸಿಗೆ ಈಳಿಗಿ ಹಚ್ತೀ ಏನಲೇ?" ಎಂದು ಎರಡು ಹೊತ್ತು ಊಟ ಹಾಕಲಿಲ್ಲ.

ಅಮೃತಳಿಗೆ ಎರೆದ ಆ ಮುಂಜಾನೆ ಭಾವ ಬಚ್ಚಲ ಎದುರಿನ ಪಡಸಾಲೆಯಲ್ಲಿ, ಹೊರಸಿನ ಮೇಲೆ, ಅಂಗಡಿಗೆ ಹೋಗದೆ ಮಲಗಿಬಿಟ್ಟಿದ್ದರು. ಹೊಲ ಉಳುವ ಟ್ರ್ಯಾಕ್ಟರಿನಂಥ ಗೊರಕೆ. ಸುನೀಲ ಎಬ್ಬಿಸಲು ಹೋದ.

"ಎಬ್ಬಿಸಬ್ಯಾಡ. ಮಕ್ಕೊಳ್ಳಲಿ, ನಿದ್ದಿ ಬಾಕಿ ಭಾಳ ಅದ," ಎಂದಳು ಅಕ್ಕ.

ಕೂಸಿಗೆ ನೀರು ಎರೆಯುತ್ತಿದ್ದ ಹಾಗೆ ಗೊರಕೆ ಒಮ್ಮೆಲೇ ನಿಂತಿತು. ಅಕ್ಕನ ತಂಬಿಗೆಯೂ ನಿಂತಿತು. ಕಿವಿಗೊಟ್ಟು ಕಾದಳು. ಕಾಲ ಮೇಲೆ ಕೂಸು, ಏಳುವಂತಿಲ್ಲ. ತಂಬಿಗೆಯಲ್ಲಿ ಬೆರಳದ್ದಿ ಎದುರಿಗೆ ನೀರು ಚಿಮುಕಿಸಿದಳು.

"ಏನ್ರಿ, ಉಸಿರಾಡ್ರಿ."

ಟ್ರ್ಯಾಕ್ಟರು ಮತ್ತೆ ಚಾಲೂ ಆಯಿತು. ಅಕ್ಕ ಕೂಸಿನ ಬೆನ್ನಿಗೆ ಉಳಿದ ನೀರು ಎರೆದಳು.